ಅನ್‌ಸ್ಯಾಚುರೇಟೆಡ್ ಮಣ್ಣಲ್ಲಿ ನೀರಿನ ಹರಿವು: ರಿಚರ್ಡ್ಸ್ ಸಮೀಕರಣಕ್ಕೆ ನೀವೇ ಕೋಡ್ ಬರೆಯೋದು ಹೇಗೆ

ಈ ವಿಷಯದಲ್ಲಿ ಎಲ್ಲರೂ ಕೇಳೋದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. ಕೋಡ್ ಬರೆದಿದೀನಿ, ಓಡತ್ತೆ, ಗ್ರಾಫ್ ನೋಡೋಕೂ ಚೆನ್ನಾಗಿದೆ, ಆದ್ರೆ ಮೇಲಿಂದ ಬಿಟ್ಟ ನೀರಿಗೂ ಮಣ್ಣೊಳಗೆ ಸೇರಿರೋ ನೀರಿಗೂ ಲೆಕ್ಕ ತಾಳೆ ಆಗ್ತಿಲ್ಲ, ಎಲ್ಲಿ ತಪ್ಪಿದೀನಿ? ಇನ್ನು ಕೆಲವರದ್ದು, ಒಣ ಮರಳಿನ ಮೇಲೆ ಮಳೆ ಸುರಿಸಿದ ಕೂಡ್ಲೇ ಕೋಡ್ ಕೈ ಎತ್ತಿಬಿಡತ್ತೆ, ಕನ್ವರ್ಜೇ ಆಗಲ್ಲ, ಅಂದ್ರೆ ಉತ್ತರ ಒಂದು ಕಡೆ ಬಂದು ನಿಲ್ಲೋದೇ ಇಲ್ಲ. ಒಬ್ಬೊಬ್ಬರಿಗೆ ತುಂಡು ತುಂಡಾಗಿ ಹೇಳಿ ಸಾಕಾಗಿ ಒಂದೇ ಕಡೆ ಮೊದಲಿಂದ ಬರೀತಿದೀನಿ.

ಅನ್‌ಸ್ಯಾಚುರೇಟೆಡ್ ಅಂದ್ರೆ ಮಣ್ಣಿನ ಸಂದುಗಳಲ್ಲಿ ನೀರೂ ಇದೆ ಗಾಳಿಯೂ ಇದೆ ಅಂತ. ಬೇರು ಇರೋ ಜಾಗ, ಮಳೆ ನೀರು ಇಂಗೋ ಜಾಗ, ಗೊಬ್ಬರ ಕರಗಿ ಕೆಳಗೆ ಇಳಿಯೋ ಜಾಗ ಎಲ್ಲ ಇದೇ ಪದರ, ಅಂತರ್ಜಲಕ್ಕಿಂತ ಮೇಲಿಂದು. ಇಲ್ಲಿ ನೀರು ಹೇಗೆ ಓಡಾಡತ್ತೆ ಅಂತ ಲೆಕ್ಕ ಹಾಕೋದೇ ರಿಚರ್ಡ್ಸ್ ಸಮೀಕರಣ.

ಬೇಕಾಗಿರೋದು ಜಾಸ್ತಿ ಏನಿಲ್ಲ. ಪೈಥಾನ್ ಜೊತೆ ನಮ್‌ಪೈ ಇದ್ರೆ ಸಾಕು, ಆಕ್ಟೇವ್ ಆದ್ರೂ ನಡಿಯತ್ತೆ, ಫೋರ್ಟ್ರಾನ್ ಬರತ್ತೆ ಅಂದ್ರೆ ಇನ್ನೂ ಸಂತೋಷ. ಡಿಫರೆನ್ಷಿಯಲ್ ಸಮೀಕರಣ ನೋಡಿದ್ರೆ ಓಡಿಹೋಗದಷ್ಟು ಕ್ಯಾಲ್ಕುಲಸ್ ಬೇಕು. ಒಂದು ನೋಟ್‌ಬುಕ್ಕು ಪೆನ್ನು ಕೂಡ ಇಟ್ಕೊಳ್ಳಿ, ಯಾಕಂದ್ರೆ ಚಿಹ್ನೆ ತಪ್ಪೋದು ಪರದೆ ಮೇಲೆ ಕಾಣಲ್ಲ, ಕಾಗದದ ಮೇಲೆ ಕಾಣತ್ತೆ.

"ಹೈಡ್ರಸ್-1ಡಿ ಫ್ರೀಯಾಗಿ ಸಿಗತ್ತಲ್ಲ, ನಾನ್ಯಾಕೆ ಬರೀಲಿ" ಅಂತೀರಾ? ಅದು ಇದೇ ಲೆಕ್ಕ ಮಾಡೋ ರೆಡಿಮೇಡ್ ಸಾಫ್ಟ್‌ವೇರ್, ನಿಜವಾದ ಪ್ರಾಜೆಕ್ಟಿಗೆ ಅದನ್ನೇ ಬಳಸಿ. ಆದ್ರೆ ಒಂದು ಸಲ ಕೈಯಾರೆ ಬರೆದೋರಿಗೆ ಮಾತ್ರ ಅದು ಯಾವಾಗ ಸುಳ್ಳು ಹೇಳ್ತಿದೆ ಅಂತ ಗೊತ್ತಾಗೋದು, ಇನ್ನೂರು ಸಾಲಿನ ಕೆಲಸ ಅಷ್ಟೇ.

ಹಂತ 1: ಸಮೀಕರಣ ಏನು ಹೇಳತ್ತೆ ಅಂತ ಮಾತಲ್ಲಿ ಅರ್ಥ ಮಾಡ್ಕೊಳ್ಳಿ

1856ರಲ್ಲಿ ಫ್ರಾನ್ಸಿನ ಡಿಜೋನ್ ಊರಿನ ನೀರಿನ ವ್ಯವಸ್ಥೆ ಬಗ್ಗೆ ಬರೀತಾ ಆನ್ರಿ ಡಾರ್ಸಿ ಹೇಳಿದ ನಿಯಮ, ಮರಳಿನಲ್ಲಿ ನೀರಿನ ವೇಗ ಒತ್ತಡದ ಇಳಿಜಾರಿಗೆ ತಕ್ಕಷ್ಟು ಅಂತ. ಅದು ಪೂರ್ತಿ ನೆನೆದ ಮರಳಿಗೆ. 1907ರಲ್ಲಿ ಎಡ್ಗರ್ ಬಕಿಂಗ್‌ಹ್ಯಾಮ್ ಅದನ್ನ ಅರೆ ಒದ್ದೆ ಮಣ್ಣಿಗೂ ತಂದ್ರು, ಇಲ್ಲಿ ನೀರು ಬಿಡೋ ಗುಣವೇ ಮಣ್ಣು ಎಷ್ಟು ಒದ್ದೆಯಿದೆ ಅನ್ನೋದರ ಮೇಲೆ ಬದಲಾಗತ್ತೆ ಅಂತ. 1931ರಲ್ಲಿ ಲೊರೆಂಜೊ ರಿಚರ್ಡ್ಸ್ ಅದಕ್ಕೆ "ಬಂದ ನೀರು ಕಳೆ ಹೋದ ನೀರು ಅಂದ್ರೆ ಉಳಿದ ನೀರು" ಅನ್ನೋ ಲೆಕ್ಕ ಸೇರಿಸಿದ್ರು. ಇಷ್ಟೇ ರಿಚರ್ಡ್ಸ್ ಸಮೀಕರಣ.

ಮೂರು ಅಕ್ಷರ ನೆನಪಿಟ್ಕೊಳ್ಳಿ. ಥೀಟಾ ಅಂದ್ರೆ ನೀರಿನಂಶ, ಒಟ್ಟು ಮಣ್ಣಿನ ಘನ ಅಳತೆಯಲ್ಲಿ ನೀರಿನ ಪಾಲು, 0.20 ಅಂದ್ರೆ ನೂರಕ್ಕೆ ಇಪ್ಪತ್ತು. ಎಚ್ ಅಂದ್ರೆ ಒತ್ತಡ, ಸೆಂ.ಮೀ. ನೀರಿನ ಎತ್ತರದಲ್ಲಿ, ಅನ್‌ಸ್ಯಾಚುರೇಟೆಡ್ ಮಣ್ಣಲ್ಲಿ ಇದು ಯಾವಾಗ್ಲೂ ಮೈನಸ್, ಮಣ್ಣು ನೀರನ್ನ ಹೀರಿ ಹಿಡ್ಕೊಂಡಿದೆ ಅಂತ ಅರ್ಥ. ಗಿಡ ಬಾಡಿ ಮತ್ತೆ ಚೇತರಿಸಿಕೊಳ್ಳದ ಮಟ್ಟ ಅಂತ ಪುಸ್ತಕದಲ್ಲಿ ಬರೋದು −15,000 ಸೆಂ.ಮೀ. ಕೆ ಅಂದ್ರೆ ವಾಹಕತೆ, ಮಣ್ಣು ನೀರನ್ನ ಎಷ್ಟು ಸಲೀಸಾಗಿ ಬಿಡತ್ತೆ ಅನ್ನೋದು.

ಜೆಡ್ ಅನ್ನೋ ಎತ್ತರವನ್ನ ಮೇಲ್ಮುಖವಾಗಿ ಅಳೆದ್ರೆ,

ಹರಿವು = −ಕೆ × (ಎಚ್‌ನ ಇಳಿಜಾರು + 1)

ಆ +1 ಗುರುತ್ವ. ನೀವು ಆಳವನ್ನ ಕೆಳಮುಖವಾಗಿ ಅಳೀತೀರಿ ಅಂದ್ರೆ ಅದು −1 ಆಗತ್ತೆ. ಅರ್ಧ ಜನ ಎಡವೋದು ಇಲ್ಲೇ, ಒಂದು ಪೇಪರಿಂದ ಸಮೀಕರಣ, ಇನ್ನೊಂದು ಪೇಪರಿಂದ ಬೌಂಡರಿ (ಮಣ್ಣಿನ ಮೇಲ್ತುದಿ, ಕೆಳತುದಿಯಲ್ಲಿ ಏನು ನಡೀತಿದೆ ಅನ್ನೋ ಷರತ್ತು) ಎತ್ಕೊಂಡು ಎರಡರಲ್ಲೂ ದಿಕ್ಕು ಬೇರೆ ಇರತ್ತೆ, ಆಮೇಲೆ ನೋಡಿದ್ರೆ ನೀರು ಆಕಾಶಕ್ಕೆ ಇಂಗ್ತಿರತ್ತೆ. ಒಂದು ದಿಕ್ಕು ಆರಿಸ್ಕೊಂಡು ಕೋಡಿನ ಮೊದಲ ಸಾಲಲ್ಲೇ ಬರೆದಿಡಿ. ಈ ಲೇಖನ ಪೂರ್ತಿ ಜೆಡ್ ಮೇಲ್ಮುಖ.

ಹಂತ 2: ಮಣ್ಣಿನ ಎರಡು ಕರ್ವ್

ಎಚ್ ಕೊಟ್ರೆ ಥೀಟಾ ಎಷ್ಟು, ಎಚ್ ಕೊಟ್ರೆ ಕೆ ಎಷ್ಟು, ಈ ಎರಡು ಸಂಬಂಧ ಇಲ್ದೆ ಮುಂದೆ ಹೋಗೋಕಾಗಲ್ಲ. ಎಲ್ಲರೂ ಬಳಸೋದು 1980ರ ವಾನ್ ಗೆನುಕ್ಟೆನ್ ಸೂತ್ರ, ಕೆ ಕಡೆಗೆ 1976ರ ಮುವಾಲೆಮ್ ಮಾದರಿ ಅದರೊಳಗೇ ಸೇರ್ಕೊಂಡಿದೆ.

ತುಂಬಿದ ಪಾಲು = [1 + (ಆಲ್ಫಾ × |ಎಚ್|)^ಎನ್]^(−ಎಂ), ಇಲ್ಲಿ ಎಂ = 1 − 1/ಎನ್

ಥೀಟಾ = ಥೀಟಾ ಕನಿಷ್ಠ + (ಥೀಟಾ ಗರಿಷ್ಠ − ಥೀಟಾ ಕನಿಷ್ಠ) × ತುಂಬಿದ ಪಾಲು

ಕೆ = ಕೆಎಸ್ × √ತುಂಬಿದ ಪಾಲು × [1 − (1 − ತುಂಬಿದ ಪಾಲು^(1/ಎಂ))^ಎಂ]²

ಆಲ್ಫಾ, ಎನ್ ಅಂದ್ರೆ ಕರ್ವಿನ ಆಕಾರ ಹೇಳೋ ಎರಡು ನಂಬರು, ಮಣ್ಣಿಂದ ಮಣ್ಣಿಗೆ ಬೇರೆ. ಕೆಎಸ್ ಅಂದ್ರೆ ಪೂರ್ತಿ ನೆನೆದಾಗಿನ ವಾಹಕತೆ. ಎಚ್ ಸೊನ್ನೆ ಅಥವಾ ಪ್ಲಸ್ ಆದ್ರೆ ಥೀಟಾ ಗರಿಷ್ಠ, ಕೆ = ಕೆಎಸ್ ಅಂತ ಕೋಡಲ್ಲಿ ಒಂದು ಇಫ್ ಹಾಕೋದು ಮರೀಬೇಡಿ.

ನಿಮ್ಮ ಮಣ್ಣಿನ ಅಳತೆ ಕೈಯಲ್ಲಿ ಇಲ್ದಿದ್ರೆ 1988ರ ಕಾರ್ಸೆಲ್ ಮತ್ತು ಪ್ಯಾರಿಷ್ ಟೇಬಲ್ಲಿಂದ ಶುರು ಮಾಡ್ಬಹುದು. ಮರಳಿಗೆ ಆಲ್ಫಾ 0.145, ಎನ್ 2.68, ಕೆಎಸ್ ದಿನಕ್ಕೆ 712.8 ಸೆಂ.ಮೀ. ಲೋಮ್ ಅಂದ್ರೆ ಮರಳು ಹೂಳು ಜೇಡಿ ಹದವಾಗಿ ಬೆರೆತ ಮಣ್ಣಿಗೆ 0.036, 1.56, 24.96. ಜೇಡಿಗೆ 0.008, 1.09, 4.8. ಮರಳು-ಹೂಳು-ಜೇಡಿ ಶೇಕಡಾವಾರು ಲೆಕ್ಕ ಇದ್ರೆ ರೊಸೆಟ್ಟಾ ಅನ್ನೋ ಪ್ರೋಗ್ರಾಮಿಗೆ ಕೊಡಿ, ಅದು ಅಂದಾಜು ಕೊಡತ್ತೆ. ಇವೆಲ್ಲ ಸರಾಸರಿ ಮಣ್ಣಿನ ನಂಬರು, ನಿಮ್ಮ ಹೊಲದ್ದಲ್ಲ.

ಯೂನಿಟ್ ಎಚ್ಚರ. ಮೇಲಿನ ಆಲ್ಫಾಗಳು "ಪ್ರತಿ ಸೆಂ.ಮೀ.ಗೆ". ಕೋಡಲ್ಲಿ ಮೀಟರ್ ಇದ್ರೆ ನೂರರಿಂದ ಗುಣಿಸ್ಬೇಕು. ಕೆಲವು ಪೇಪರಲ್ಲಿ ಕಿಲೋಪಾಸ್ಕಲ್ ಲೆಕ್ಕದಲ್ಲಿ ಕೊಟ್ಟಿರ್ತಾರೆ, 1 ಕಿಲೋಪಾಸ್ಕಲ್ ಅಂದ್ರೆ ಸುಮಾರು 10.2 ಸೆಂ.ಮೀ. ನೀರು. ಇದನ್ನ ನೋಡದೆ ಹಾಕಿ ಮರಳನ್ನ ಜೇಡಿ ಮಾಡ್ಕೊಂಡೋರು ಬೇಕಾದಷ್ಟು ಜನ ಇದಾರೆ.

ಈಗ ಒಂದು ಮಣ್ಣು ಹಿಡ್ಕೊಂಡು ನಂಬರ್ ಹಾಕಿ ನೋಡೋಣ, ಇದೇ ಮಣ್ಣು ಕೊನೆವರೆಗೂ ಬರತ್ತೆ. ಥೀಟಾ ಕನಿಷ್ಠ 0.102, ಗರಿಷ್ಠ 0.368, ಆಲ್ಫಾ 0.0335, ಎನ್ 2, ಕೆಎಸ್ ಸೆಕೆಂಡಿಗೆ 0.00922 ಸೆಂ.ಮೀ. ಇದು ಸೀಲಿಯಾ, ಬುಲೂಟಾಸ್, ಝಾರ್ಬಾ ಅನ್ನೋ ಮೂವರು 1990ರ ಪೇಪರಲ್ಲಿ ಬಳಸಿದ ನ್ಯೂ ಮೆಕ್ಸಿಕೊ ಮಣ್ಣು. ಎಚ್ −75 ಇದ್ದಾಗ ಥೀಟಾ 0.200, −1000 ಇದ್ದಾಗ 0.110. ಇದೇನು ದೊಡ್ಡ ವ್ಯತ್ಯಾಸ ಅನ್ಸಲ್ಲ ಅಲ್ವಾ? ಕೆ ನೋಡಿ. −75ರಲ್ಲಿ ಸೆಕೆಂಡಿಗೆ 0.000028 ಸೆಂ.ಮೀ., −1000ದಲ್ಲಿ ಅದಕ್ಕಿಂತ ಸುಮಾರು 90 ಸಾವಿರ ಪಟ್ಟು ಕಮ್ಮಿ. ನೀರಿನಂಶ ಅರ್ಧಕ್ಕೆ ಇಳಿದ್ರೆ ವಾಹಕತೆ 90 ಸಾವಿರ ಪಟ್ಟು ಬಿದ್ದೋಗತ್ತೆ. ಮುಂದೆ ಬರೋ ತಲೆನೋವೆಲ್ಲ ಹುಟ್ಟೋದು ಇಲ್ಲಿಂದ.

ಜೇಡಿ ಮಣ್ಣಿನವರಿಗೆ ಇನ್ನೊಂದು ಗುಂಡಿ ಕಾದಿದೆ. ಎನ್ 1ಕ್ಕೆ ಹತ್ರ ಇದ್ದಾಗ ಈ ಸೂತ್ರದ ಕೆ ಕರ್ವ್ ಎಚ್ ಸೊನ್ನೆ ಹತ್ರ ಪ್ರಪಾತದ ಥರ ಬೀಳತ್ತೆ. ಮೇಲಿನ ಜೇಡಿ ನಂಬರ್ ಹಾಕಿ ಲೆಕ್ಕ ಮಾಡಿದ್ರೆ ಬರೀ 1 ಸೆಂ.ಮೀ. ಹೀರಿಕೆಗೆ ಕೆ ಅನ್ನೋದು ಕೆಎಸ್‌ನ ಎಂಟರಲ್ಲಿ ಒಂದು ಪಾಲಾಗಿರತ್ತೆ, ಕನ್ವರ್ಜೆನ್ಸ್ ಅಲ್ಲೇ ಒದ್ದಾಡೋದು. ಎಚ್ −2 ಸೆಂ.ಮೀ. ಮುಟ್ಟೋವರೆಗೂ ಮಣ್ಣು ತುಂಬೇ ಇದೆ ಅಂತ ಇಟ್ಕೊಳ್ಳೋ ತಿದ್ದಿದ ರೂಪ ಹೈಡ್ರಸ್‌ನಲ್ಲಿ ಒಂದು ಆಪ್ಷನ್ ಆಗಿದೆ, ಜೇಡಿಗೆ ಅದನ್ನ ಆನ್ ಮಾಡಿ.

ಹಂತ 3: ಯಾವ ರೂಪ? ಇಲ್ಲೇ ನೀರು ಕಳ್ಳತನ ಆಗೋದು

ಇದನ್ನ ನಿಧಾನಕ್ಕೆ ಓದಿ. ಶುರುವಲ್ಲಿ ಹೇಳಿದ "ತಾಳೆ ಆಗ್ತಿಲ್ಲ" ಪ್ರಶ್ನೆಗೆ ಉತ್ತರ ಇಲ್ಲಿದೆ.

ಸಮೀಕರಣದ ಎಡಗಡೆ ಇರೋದು ಕಾಲದ ಜೊತೆ ಥೀಟಾ ಬದಲಾಗೋ ವೇಗ, ಬಲಗಡೆ ಇರೋದು ಎಚ್. ಎರಡು ಬೇರೆ ಬೇರೆ ಅಜ್ಞಾತ ಯಾಕೆ, ಒಂದೇ ಮಾಡೋಣ ಅಂತ ಎಡಗಡೆನ "ಸಿ × ಎಚ್ ಬದಲಾಗೋ ವೇಗ" ಅಂತ ಬರ್ಕೋತಾರೆ. ಸಿ ಅಂದ್ರೆ ಎಚ್ 1 ಸೆಂ.ಮೀ. ಬದಲಾದ್ರೆ ಥೀಟಾ ಎಷ್ಟು ಬದಲಾಗತ್ತೆ ಅನ್ನೋದು, ಕರ್ವಿನ ಇಳಿಜಾರು. ಗಣಿತದಲ್ಲಿ ಇದು ನೂರಕ್ಕೆ ನೂರು ಸರಿ. ಕಂಪ್ಯೂಟರಲ್ಲಿ ತಪ್ಪು, ಯಾಕಂದ್ರೆ ಕಂಪ್ಯೂಟರ್ ಸಣ್ಣ ಕ್ಷಣದಲ್ಲಿ ಹೋಗಲ್ಲ, ಹೆಜ್ಜೆ ಹಾಕತ್ತೆ, ಆ ಒಂದು ಹೆಜ್ಜೆಯೊಳಗೇ ಸಿ ತಲೆಕೆಳಗಾಗಿರತ್ತೆ.

ನಮ್ಮ ಮಣ್ಣನ್ನೇ ತಗೊಳ್ಳಿ. ಒದ್ದೆ ಅಂಚು, ಅಂದ್ರೆ ಮೇಲಿಂದ ಇಳಿಯೋ ನೀರಿನ ಮುಂಭಾಗ, ಒಂದು ಸೆಲ್ಲಿಗೆ (ಕೋಡಲ್ಲಿ ಮಣ್ಣನ್ನ ಕತ್ತರಿಸಿದ ಒಂದು ತುಂಡಿಗೆ) ಬಂದು ಒಂದೇ ಹೆಜ್ಜೆಯಲ್ಲಿ ಎಚ್ −1000ದಿಂದ −75ಕ್ಕೆ ಏರ್ತು ಅಂತಿಟ್ಕೊಳ್ಳಿ. ನಿಜವಾಗಿ ಸೇರಿದ ನೀರು 0.200 ಕಳೆ 0.110, ಹತ್ರಹತ್ರ 0.09. ಈಗ ಹೆಜ್ಜೆಯ ಶುರುವಿನ ಸಿ ಹಿಡಿದು 925 ಸೆಂ.ಮೀ.ಯಿಂದ ಗುಣಿಸಿ, 0.007 ಬರತ್ತೆ. ಹೆಜ್ಜೆಯ ಕೊನೆಯ ಸಿ ಹಿಡಿದ್ರೆ 1.05. ಒಂದು ಲೀಟರ್ ಮಣ್ಣಿಗೆ ಒಂದು ಲೀಟರಿಗಿಂತ ಜಾಸ್ತಿ ನೀರು ಸೇರ್ತು ಅಂತ! ಹೆಜ್ಜೆ ಸಣ್ಣ ಮಾಡ್ತಾ ಹೋದ್ರೆ ತಪ್ಪೂ ಕಮ್ಮಿ ಆಗತ್ತೆ, ಆದ್ರೆ ಹೋಗಲ್ಲ, ದಿನಗಟ್ಟಲೆ ಓಡಿಸಿದ್ರೆ ಸೇರ್ತಾ ಸೇರ್ತಾ ದೊಡ್ಡದಾಗತ್ತೆ.

ಹಾಗಾದ್ರೆ ಬರೀ ಥೀಟಾ ಇಟ್ಕೊಂಡು ಬರೀಬಹುದಲ್ಲ? ಬರೀಬಹುದು, ನೀರು ಸೋರಲ್ಲ. ಆದ್ರೆ ಮಣ್ಣು ತುಂಬಿದ ಮೇಲೆ ಥೀಟಾ ಬದಲಾಗೋದೇ ನಿಂತುಹೋಗತ್ತೆ, ಸಮೀಕರಣ ಸತ್ತುಹೋಗತ್ತೆ. ಮರಳಿನ ಕೆಳಗೆ ಜೇಡಿ ಪದರ ಇದ್ರೆ ಇನ್ನೂ ಕಷ್ಟ, ಪದರದ ಗಡಿಯಲ್ಲಿ ಎಚ್ ಮಾತ್ರ ಎರಡೂ ಕಡೆ ಒಂದೇ, ಥೀಟಾ ಎಗರಿಬಿಡತ್ತೆ.

ದಾರಿ ಅಂದ್ರೆ ಮಿಶ್ರ ರೂಪ: ಎಡಗಡೆ ಥೀಟಾವನ್ನ ಥೀಟಾ ಆಗೇ ಬಿಡಿ, ಬಲಗಡೆ ಎಚ್ ಇರ್ಲಿ. ಬಿಡಿಸೋಕೆ ಮೇಲೆ ಹೇಳಿದ ಆ ಮೂವರು 1990ರಲ್ಲಿ ಕೊಟ್ಟ ಮಾಡಿಫೈಡ್ ಪಿಕಾರ್ಡ್ ವಿಧಾನ, ಹಂತ 5ರಲ್ಲಿ ಬರತ್ತೆ. ಹೈಡ್ರಸ್ ಒಳಗೂ ಅದೇ ಇದೆ. ನನ್ನ ಕೇಳಿದ್ರೆ ಬೇರೇನೂ ಟ್ರೈ ಮಾಡೋಕೇ ಹೋಗ್ಬೇಡಿ, ಇದನ್ನೇ ಬರೀರಿ.

ಹಂತ 4: ಗ್ರಿಡ್ ಮತ್ತೆ ಕೆ ಸರಾಸರಿ

ಮಣ್ಣಿನ ಕಂಬವನ್ನ ಮೇಲಿಂದ ಕೆಳಗೆ ಸೆಲ್‌ಗಳಾಗಿ ಕತ್ತರಿಸಿ. ಒಂದು ಮೀಟರಿಗೆ 40 ಸೆಲ್, ತಲಾ 2.5 ಸೆಂ.ಮೀ., ಕಲಿಯೋಕೆ ಇದು ಸಾಕು. ನಿಜವಾದ ಮಳೆ-ಬಿಸಿಲು ಲೆಕ್ಕಕ್ಕೆ ಮೇಲ್ಗಡೆ 1 ಸೆಂ.ಮೀ. ಅಥವಾ ಇನ್ನೂ ಸಣ್ಣ ಬೇಕು, ಕೆಳಗೆ ಹೋಗ್ತಾ ದಪ್ಪ ಮಾಡ್ಬಹುದು, ಆದ್ರೆ ಒಂದು ಸೆಲ್ ಪಕ್ಕದ ಸೆಲ್ಲಿಗಿಂತ ಒಂದೂವರೆ ಪಟ್ಟು ಮೀರದಂಗೆ ನೋಡ್ಕೊಳ್ಳಿ.

ಹರಿವು ಇರೋದು ಸೆಲ್‌ಗಳ ನಡುವಿನ ಮುಖದಲ್ಲಿ, ಕೆ ಗೊತ್ತಿರೋದು ಸೆಲ್ಲಿನ ಮಧ್ಯದಲ್ಲಿ. ಅದಕ್ಕೆ ಎರಡು ಸೆಲ್ಲಿನ ಕೆ ಸರಾಸರಿ ತಗೋಬೇಕು. ಯಾವ ಸರಾಸರಿ ಅನ್ನೋದು ಸಣ್ಣ ವಿಷಯ ಅನ್ಸತ್ತೆ, ಆದ್ರೆ −75 ಮತ್ತೆ −1000 ಪಕ್ಕಪಕ್ಕ ಇದ್ದಾಗ ಲೆಕ್ಕ ಹಾಕಿ ನೋಡಿ. ಕೂಡಿಸಿ ಎರಡರಿಂದ ಭಾಗಿಸಿದ್ರೆ 0.000014. ಗುಣಿಸಿ ವರ್ಗಮೂಲ ತೆಗೆದ್ರೆ ಅದರ ನೂರೈವತ್ತರಲ್ಲಿ ಒಂದು ಪಾಲು. ಹಾರ್ಮೋನಿಕ್ ಸರಾಸರಿ (ಎರಡನ್ನೂ ತಲೆಕೆಳಗು ಮಾಡಿ ಸರಾಸರಿ ತೆಗೆದು ಮತ್ತೆ ತಲೆಕೆಳಗು ಮಾಡೋದು) ತಗೊಂಡ್ರೆ 20 ಸಾವಿರದಲ್ಲಿ ಒಂದು ಪಾಲಿಗಿಂತಾನೂ ಕಮ್ಮಿ. ಅಂತರ್ಜಲದ ಕೋಡಲ್ಲಿ ಹಾರ್ಮೋನಿಕ್ ಸರಿ ಅಂತ ಕಲಿತಿರ್ತೀರಿ, ಅದನ್ನೇ ತಂದು ಇಲ್ಲಿ ಹಾಕಿದ್ರೆ ಒಣ ಸೆಲ್ಲೇ ಬಾಗಿಲು ಮುಚ್ಕೊಂಡು ಕೂತುಬಿಡತ್ತೆ, ನೀರು ಒಳಗೇ ಹೋಗಲ್ಲ, ಕೋಡ್ ಮಾತ್ರ ಖುಷಿಯಾಗಿ ಓಡ್ತಿರತ್ತೆ. ಒಣ ಮಣ್ಣಿಗೆ ನೀರು ಇಂಗಿಸೋ ಲೆಕ್ಕಕ್ಕೆ ಸಾದಾ ಸರಾಸರಿಯಿಂದ ಶುರು ಮಾಡಿ. ಗ್ರಿಡ್ ದಪ್ಪ ಇದ್ರೆ ಅದು ಒದ್ದೆ ಅಂಚನ್ನ ಸ್ವಲ್ಪ ಬೇಗ ಓಡಿಸತ್ತೆ, ಗ್ರಿಡ್ ಅರ್ಧ ಮಾಡಿ ಮತ್ತೆ ಓಡಿಸಿದ್ರೆ ಎಷ್ಟು ಅಂತ ಗೊತ್ತಾಗತ್ತೆ.

ಫೈನೈಟ್ ಎಲಿಮೆಂಟ್ ಬಳಸೋರಿಗೆ ಒಂದೇ ಮಾತು: ಮಾಸ್ ಮ್ಯಾಟ್ರಿಕ್ಸನ್ನ ಲಂಪ್ ಮಾಡಿ, ಅಂದ್ರೆ ಪೂರ್ತಿ ಕರ್ಣದ ಮೇಲೆ ತಂದುಬಿಡಿ. ಇಲ್ಲಾಂದ್ರೆ ಅಂಚಿನ ಮುಂದೆ ಎಚ್ ಅಲೆ ಅಲೆಯಾಗಿ ಕುಣಿಯತ್ತೆ, ನೀರು ಬರೋಕೆ ಮುಂಚೆ ಮಣ್ಣು ಇನ್ನೂ ಒಣಗಿದಂಗೆ ತೋರ್ಸತ್ತೆ.

ಹಂತ 5: ಪಿಕಾರ್ಡ್ ಸುತ್ತು ಬರೆಯೋದು

ಮೊದಲು ಎಕ್ಸ್‌ಪ್ಲಿಸಿಟ್ ವಿಧಾನ ಯಾಕೆ ಬೇಡ ಅಂತ ಎರಡು ಮಾತು. ಹಳೇ ಬೆಲೆಗಳಿಂದ ನೇರ ಹೊಸ ಬೆಲೆ ತೆಗೆಯೋದು ಎಕ್ಸ್‌ಪ್ಲಿಸಿಟ್, ಬರೆಯೋದು ಸುಲಭ. ಆದ್ರೆ ನಮ್ಮ ಮಣ್ಣಲ್ಲಿ −75 ಹತ್ರ, 1 ಸೆಂ.ಮೀ. ಗ್ರಿಡ್ಡಿಗೆ ಹೆಜ್ಜೆ ಸುಮಾರು 20 ಸೆಕೆಂಡ್ ಮೀರಂಗಿಲ್ಲ, ಗ್ರಿಡ್ ಅರ್ಧ ಮಾಡಿದ್ರೆ 5 ಸೆಕೆಂಡ್, ಮಣ್ಣು ತುಂಬ್ತಾ ಬಂದಂಗೆ ಸೊನ್ನೆ ಕಡೆಗೆ. ಒಂದು ಮಳೆಗಾಲ ಓಡಿಸೋಕೆ ಇದು ಆಗೋ ಮಾತಲ್ಲ. ಹಂಗಾಗಿ ಇಂಪ್ಲಿಸಿಟ್, ಹೊಸ ಬೆಲೆಗಳನ್ನೆಲ್ಲ ಒಟ್ಟಿಗೆ ಬಿಡಿಸೋದು.

ತೊಂದರೆ ಏನಂದ್ರೆ ಹೊಸ ಕೆ, ಹೊಸ ಥೀಟಾ ಎರಡೂ ಹೊಸ ಎಚ್ ಮೇಲೆ ನಿಂತಿವೆ. ಅದಕ್ಕೆ ಊಹೆ ಮಾಡಿ, ಬಿಡಿಸಿ, ತಿದ್ದಿ, ಮತ್ತೆ ಬಿಡಿಸ್ಬೇಕು. ಪ್ರತಿ ಸುತ್ತಲ್ಲಿ ನಾವು ಹುಡುಕೋದು ಎಚ್ ಅನ್ನಲ್ಲ, ಎಚ್‌ಗೆ ಮಾಡ್ಬೇಕಾದ ತಿದ್ದುಪಡಿಯನ್ನ. ಪ್ರತಿ ಸೆಲ್ಲಿಗೆ ಮ್ಯಾಟ್ರಿಕ್ಸಲ್ಲಿ ಒಂದು ಸಾಲು (ಇಲ್ಲಿ ಕೆಳಮುಖ, ಮೇಲ್ಮುಖ ಅಂದ್ರೆ ಸೆಲ್ಲಿನ ಕೆಳಗಿನ ಮುಖ, ಮೇಲಿನ ಮುಖ, ದಿಕ್ಕಲ್ಲ):

ಕೆಳಗಿನ ಕರ್ಣ = −ಕೆ(ಕೆಳಮುಖ) / ಡೆಲ್ಟಾ ಜೆಡ್²
ಮೇಲಿನ ಕರ್ಣ = −ಕೆ(ಮೇಲ್ಮುಖ) / ಡೆಲ್ಟಾ ಜೆಡ್²
ನಡು ಕರ್ಣ = ಸಿ / ಡೆಲ್ಟಾ ಟಿ + [ಕೆ(ಕೆಳಮುಖ) + ಕೆ(ಮೇಲ್ಮುಖ)] / ಡೆಲ್ಟಾ ಜೆಡ್²
ಬಲಗಡೆ = (ಕೆಳಮುಖದ ಹರಿವು − ಮೇಲ್ಮುಖದ ಹರಿವು) / ಡೆಲ್ಟಾ ಜೆಡ್ − (ಈಗಿನ ಊಹೆಯ ಥೀಟಾ − ಹಿಂದಿನ ಹೆಜ್ಜೆಯ ಥೀಟಾ) / ಡೆಲ್ಟಾ ಟಿ

ಡೆಲ್ಟಾ ಜೆಡ್ ಸೆಲ್ಲಿನ ದಪ್ಪ, ಡೆಲ್ಟಾ ಟಿ ಕಾಲದ ಹೆಜ್ಜೆ. ಕೆ, ಸಿ, ಹರಿವು ಎಲ್ಲ ಈಗಿನ ಊಹೆಯಿಂದ. ಮೂರೇ ಕರ್ಣ ಇರೋದ್ರಿಂದ ಥಾಮಸ್ ಅಲ್ಗಾರಿದಮ್ ಅನ್ನೋ ಹತ್ತು ಸಾಲಿನ ಕೋಡ್ ಸಾಕು, ಪೂರ್ತಿ ಮ್ಯಾಟ್ರಿಕ್ಸ್ ಕಟ್ಟಿ ಇನ್ವರ್ಸ್ ತೆಗೆಯೋ ಕೆಲಸಕ್ಕೆ ಹೋಗ್ಬೇಡಿ. ಬಂದ ತಿದ್ದುಪಡಿಯನ್ನ ಎಚ್‌ಗೆ ಕೂಡಿಸಿ, ಮತ್ತೆ ಕೆ, ಸಿ, ಥೀಟಾ ಎಲ್ಲ ತೆಗೀರಿ, ಮತ್ತೆ ಸುತ್ತು.

ಇದರ ಚಂದ ಎಲ್ಲಿದೆ ನೋಡಿ. ಸಿ ಇರೋದು ಎಡಗಡೆ ಮಾತ್ರ, ತಿದ್ದುಪಡಿ ಜೊತೆ. ತಿದ್ದುಪಡಿ ಸೊನ್ನೆ ಆಗ್ತಾ ಬಂದಂಗೆ ಸಿ ಎಷ್ಟೇ ತಪ್ಪಿದ್ರೂ ಅದು ಮಾಯ, ಉಳಿಯೋದು ಬಲಗಡೆ, ಅಲ್ಲಿ ಇರೋದು ಅಸಲಿ ಥೀಟಾ ವ್ಯತ್ಯಾಸ. ಹಿಂದಿನ ಹಂತದಲ್ಲಿ ನೋಡಿದ 0.007 ಮತ್ತೆ 1.05 ಜಗಳ ಇಲ್ಲಿ ಬರೋದೇ ಇಲ್ಲ.

ಯಾವಾಗ ಸುತ್ತು ನಿಲ್ಲಿಸ್ಬೇಕು? ಎಚ್ ಒಂದನ್ನೇ ನೋಡಿ ನಿಲ್ಲಿಸ್ಬೇಡಿ. −10,000ದಲ್ಲಿ ಎಚ್ 10 ಸೆಂ.ಮೀ. ಆಚೀಚೆ ಆದ್ರೆ ಏನೂ ಆಗಲ್ಲ, −10ರಲ್ಲಿ ಅದು ಪ್ರಳಯ. ಹೈಡ್ರಸ್ ಪದ್ಧತಿ ಅಂದ್ರೆ ಅನ್‌ಸ್ಯಾಚುರೇಟೆಡ್ ಸೆಲ್ಲಿಗೆ ಥೀಟಾ ಬದಲಾವಣೆ 0.001, ತುಂಬಿದ ಸೆಲ್ಲಿಗೆ ಎಚ್ ಬದಲಾವಣೆ 1 ಸೆಂ.ಮೀ. ನಿಮ್ಮ ಕೋಡಿಗೆ ಇನ್ನೂ ಬಿಗಿ ಹಾಕಿ, ಒಂದೇ ಕಂಬ ತಾನೆ, ಸಮಯ ಏನೂ ಹಿಡಿಯಲ್ಲ.

ಸಿ ಸೊನ್ನೆ ಆಗೋ ಅಪಾಯ: ಕಂಬ ಪೂರ್ತಿ ತುಂಬಿ, ಮೇಲೂ ಕೆಳಗೂ ಬರೀ ಹರಿವು ಮಾತ್ರ ಕೊಟ್ಟಿದ್ರೆ ಮ್ಯಾಟ್ರಿಕ್ಸ್ ಸಿಂಗ್ಯುಲರ್ ಆಗತ್ತೆ, ಒಂದೇ ಅಂತ ಖಚಿತವಾದ ಉತ್ತರ ಇಲ್ಲ ಅಂತ ಅರ್ಥ. ಎಲ್ಲಾದ್ರೂ ಒಂದು ಕಡೆ ಎಚ್ ಗಟ್ಟಿಯಾಗಿ ಕೊಡಿ, ಅಥವಾ ನೀರು-ಮಣ್ಣಿನ ಅಲ್ಪ ಸಂಕೋಚ ಅಂತ ಒಂದು ಪುಟಾಣಿ ಸಂಗ್ರಹದ ಪದ ಸೇರಿಸಿ. ಸೇರಿಸಿದ್ರೆ ನೀರಿನ ಲೆಕ್ಕದಲ್ಲೂ ಅದನ್ನ ಸೇರಿಸ್ಬೇಕು.

ಹಂತ 6: ಕಾಲದ ಹೆಜ್ಜೆ

ಒಂದೇ ಹೆಜ್ಜೆ ಇಟ್ಕೊಂಡು ವರ್ಷ ಓಡಿಸೋದು ದಡ್ಡತನ. ಮಳೆ ಬಿದ್ದ ಗಂಟೆಗೆ ಸೆಕೆಂಡ್ ಲೆಕ್ಕ ಬೇಕು, ಆಮೇಲಿನ ಒಣ ವಾರಕ್ಕೆ ಗಂಟೆ ಲೆಕ್ಕ ಸಾಕು. ಹೈಡ್ರಸ್ ನಿಯಮವನ್ನೇ ಕಾಪಿ ಹೊಡೀರಿ: 3 ಅಥವಾ ಕಮ್ಮಿ ಸುತ್ತಲ್ಲಿ ಮುಗೀತಾ, ಮುಂದಿನ ಹೆಜ್ಜೆ 1.3 ಪಟ್ಟು. 7 ಅಥವಾ ಜಾಸ್ತಿ ಹಿಡೀತಾ, 0.7 ಪಟ್ಟು. 10 ಸುತ್ತಾದ್ರೂ ಮುಗೀಲಿಲ್ವಾ, ಹೆಜ್ಜೆಯನ್ನ ಮೂರರಿಂದ ಭಾಗಿಸಿ ಮತ್ತೆ ಮೊದಲಿಂದ. ಮೊದಲಿಂದ ಅಂದ್ರೆ ಹಿಂದಿನ ಹೆಜ್ಜೆಯ ಎಚ್‌ಗೆ ವಾಪಸ್ ಹೋಗಿ. ಕೆಟ್ಟ ಊಹೆಯನ್ನೇ ಹಿಡ್ಕೊಂಡು ಮುಂದುವರಿದ್ರೆ ಹೆಜ್ಜೆ ಸಣ್ಣ ಆಗ್ತಾ ಆಗ್ತಾ ಕೋಡ್ ಅಲ್ಲೇ ಗಾಣದೆತ್ತಿನ ಥರ ಸುತ್ತತ್ತೆ.

ಹಂತ 7: ಮೇಲಿನ ಕೆಳಗಿನ ಬೌಂಡರಿ

ಮೇಲ್ಗಡೆ ಮಳೆ ಇದ್ರೆ ಹರಿವು ಕೊಡ್ತೀರಿ. ಮಣ್ಣು ಕುಡಿಯೋದಕ್ಕಿಂತ ಜೋರಾಗಿ ಬಿದ್ರೆ ಮೇಲಿನ ಎಚ್ ಸೊನ್ನೆ ದಾಟತ್ತೆ, ಆಗ ಬೌಂಡರಿಯನ್ನ "ಎಚ್ = 0" ಅಂತ ಬದಲಾಯಿಸಿ, ಉಳಿದಿದ್ದು ಹರಿದುಹೋಯ್ತು ಅಂತ ಬರ್ಕೊಳ್ಳಿ. ಬಿಸಿಲಿಗೆ ತಿರುಗಾಮುರುಗಾ: ಆವಿ ಹರಿವು ಕೊಡಿ, ಮೇಲಿನ ಎಚ್ ತೀರಾ ಒಣಗಿ ನೀವು ಇಟ್ಟ ಮಿತಿ ಮುಟ್ಟಿದ್ರೆ ಎಚ್ ಅನ್ನ ಅಲ್ಲಿಗೇ ಕಟ್ಟಿಹಾಕಿ. ಈ ಬದಲಾವಣೆ ಪಿಕಾರ್ಡ್ ಸುತ್ತಿನ ಒಳಗೇ ನಡೀಬೇಕು, ಹೆಜ್ಜೆ ಮುಗಿದ್ಮೇಲೆ ಅಲ್ಲ.

ಎಚ್ ಕೊಟ್ಟಾಗ ಅದು ಇರೋದು ಸೆಲ್ಲಿನ ಅಂಚಲ್ಲಿ, ಮಧ್ಯದಿಂದ ಅಲ್ಲಿಗೆ ದೂರ ಡೆಲ್ಟಾ ಜೆಡ್‌ನ ಅರ್ಧ. ಈ ಅರ್ಧ ಮರೆತ್ರೆ ಮೊದಲ ಸೆಲ್ಲಲ್ಲೇ ಹರಿವು ತಪ್ಪತ್ತೆ.

ಮಳೆ ಡೇಟಾದಲ್ಲೂ ಮೋಸ ಹೋಗ್ತೀರಿ. ದಿನದ ಮಳೆ 48 ಮಿ.ಮೀ. ಅಂತ ಸಿಗತ್ತೆ, ಅದನ್ನ 24 ಗಂಟೆಗೆ ಹಂಚಿದ್ರೆ ಗಂಟೆಗೆ 0.2 ಸೆಂ.ಮೀ., ಲೋಮ್ ಮಣ್ಣಿನ ಕೆಎಸ್ ಗಂಟೆಗೆ 1.04, ಪೂರ್ತಿ ಇಂಗಿಹೋಗತ್ತೆ. ಆದ್ರೆ ನಮ್ಮ ಕಡೆ ಏಪ್ರಿಲ್-ಮೇ ಸಂಜೆ ಮಳೆ ನೋಡಿದೋರಿಗೆ ಗೊತ್ತು, ಅಷ್ಟೂ ಒಂದೇ ಗಂಟೆಯಲ್ಲಿ ಸುರಿಯೋದು ಉಂಟು, ಆಗ ಗಂಟೆಗೆ 4.8, ಸಾಕಷ್ಟು ಪಾಲು ಚರಂಡಿಗೆ. ಅದೇ ಕೋಡ್, ಅದೇ ಮಣ್ಣು, ಅಂತರ್ಜಲಕ್ಕೆ ಹೋಗೋ ಲೆಕ್ಕ ಮಾತ್ರ ಬೇರೆ. ಗಂಟೆವಾರು ಡೇಟಾ ಸಿಗೋವರೆಗೂ ಹರಿದುಹೋದ ನೀರಿನ ಬಗ್ಗೆ ಬಾಯಿ ಬಿಡ್ಬೇಡಿ.

ಕೆಳಗಡೆ ಅಂತರ್ಜಲ ತುಂಬ ಆಳದಲ್ಲಿದ್ರೆ ಫ್ರೀ ಡ್ರೈನೇಜ್ ಹಾಕಿ, ಹರಿವು = −ಕೆ, ಗುರುತ್ವ ಒಂದೇ ಎಳೆಯೋದು ಅಂತ. ಅಂತರ್ಜಲ ಮೀಟರೋ ಎರಡು ಮೀಟರೋ ಕೆಳಗಿದ್ರೆ ಇದು ತಪ್ಪು, ನೀರು ಮೇಲಕ್ಕೂ ಏರತ್ತೆ, ಅಲ್ಲಿ ಎಚ್ = 0 ಕೊಡಿ. ತೂತಿರೋ ಡ್ರಮ್ಮು, ಹೂಕುಂಡ ಆದ್ರೆ ಇನ್ನೂ ಬೇರೆ: ಕೆಳಗೆ ಗಾಳಿ ಇದೆ, ತಳದ ಮಣ್ಣು ಪೂರ್ತಿ ತುಂಬೋವರೆಗೂ ಒಂದು ಹನಿ ಕೆಳಗೆ ಬೀಳಲ್ಲ, ತುಂಬಿದ ಮೇಲೆ ಎಚ್ = 0. ಕುಂಡದ ಪ್ರಯೋಗಕ್ಕೆ ಫ್ರೀ ಡ್ರೈನೇಜ್ ಹಾಕಿ "ಪ್ರಯೋಗದಲ್ಲಿ ನೀರು ತಡವಾಗಿ ಬರ್ತಿದೆ" ಅಂತ ಮಣ್ಣನ್ನ ಬೈಯೋರು ಇದಾರೆ.

ಶುರುವಿನ ಸ್ಥಿತಿ ಬಗ್ಗೆ: ಥೀಟಾ ಅಳೆದು ಎಚ್‌ಗೆ ತಿರುಗಿಸ್ತೀರಿ ಅಂದ್ರೆ ಜೇಡಿಯಲ್ಲಿ ಹುಷಾರು. ಮೇಲಿನ ಟೇಬಲ್ಲಿನ ಜೇಡಿಗೆ ಥೀಟಾ ಗರಿಷ್ಠ 0.38, ಕನಿಷ್ಠ 0.068 ಹಾಕಿ ನೋಡಿ, ಥೀಟಾ 0.30 ಅಂದ್ರೆ ಎಚ್ ಸುಮಾರು −3,300, ಥೀಟಾ 0.29 ಅಂದ್ರೆ −5,400. ಸೆನ್ಸರ್ ತಪ್ಪೇ ಈ 0.01ಕ್ಕಿಂತ ಜಾಸ್ತಿ ಇರತ್ತೆ. ಒಂದಷ್ಟು ತಿಂಗಳ ಹವಾಮಾನ ಮೊದಲೇ ಓಡಿಸಿ, ಆ ಭಾಗ ಬಿಸಾಕಿ, ಆಮೇಲಿನ ಲೆಕ್ಕ ಇಟ್ಕೊಳ್ಳಿ.

ಹಂತ 8: ಪರೀಕ್ಷೆ ಮಾಡದೆ ಯಾರಿಗೂ ತೋರಿಸ್ಬೇಡಿ

ಇದನ್ನ ಬಿಟ್ಟು ನೇರ ತಮ್ಮ ಹೊಲದ ಡೇಟಾ ಹಾಕೋರೇ ಜಾಸ್ತಿ, ಆಮೇಲೆ ತಪ್ಪು ಕೋಡಲ್ಲೋ ಮಣ್ಣಲ್ಲೋ ಡೇಟಾದಲ್ಲೋ ಗೊತ್ತಾಗ್ದೆ ಮೂರು ತಿಂಗಳು ಕಳೀತಾರೆ.

ಮೊದಲ ಪರೀಕ್ಷೆ, ನಿಂತ ನೀರು. ಮೇಲೆ ಕೆಳಗೆ ಎರಡೂ ಮುಚ್ಚಿ, ಎಚ್ + ಜೆಡ್ ಎಲ್ಲ ಕಡೆ ಒಂದೇ ಇರೋ ಹಾಗೆ ಶುರು ಮಾಡಿ. ಒಂದು ತಿಂಗಳು ಓಡಿಸಿದ್ರೂ ಏನೂ ಅಲುಗಾಡಬಾರದು. ಅಲುಗಾಡಿದ್ರೆ ಗುರುತ್ವದ ಚಿಹ್ನೆ ತಪ್ಪು.

ಎರಡನೇದು, ಒಂದೇ ಎಚ್ ಎಲ್ಲ ಕಡೆ, ಕೆಳಗೆ ಫ್ರೀ ಡ್ರೈನೇಜ್, ಮೇಲೆ ಅದೇ ಎಚ್‌ನ ಕೆ ಅಷ್ಟೇ ಹರಿವು. ಇಲ್ಲೂ ಏನೂ ಬದಲಾಗಬಾರದು.

ಮೂರನೇದು ಅಸಲಿ. 1990ರ ಅದೇ ಪೇಪರಿನ ಸಮಸ್ಯೆ: 100 ಸೆಂ.ಮೀ. ಕಂಬ, ನಮ್ಮ ನ್ಯೂ ಮೆಕ್ಸಿಕೊ ಮಣ್ಣು, ಶುರುವಲ್ಲಿ ಎಲ್ಲ ಕಡೆ −1000, ಮೇಲೆ −75, ಕೆಳಗೆ −1000, ಒಂದು ದಿನ ಓಡಿಸಿ. ಎಚ್ ಗ್ರಾಫ್ ಮೇಲ್ಗಡೆ ಮಟ್ಟಸವಾಗಿದ್ದು ಕಂಬದ ನಡುಭಾಗದ ಆಚೀಚೆ ಎಲ್ಲೋ ಒಂದು ಕಡೆ ಗೋಡೆ ಥರ ಕಡಿದಾಗಿ ಇಳೀಬೇಕು. ಹೆಜ್ಜೆಯನ್ನ ಒಂದು ಗಂಟೆ ಮಾಡಿ, ಆಮೇಲೆ ಎರಡು ನಿಮಿಷ ಮಾಡಿ ಓಡಿಸಿ. ಅಂಚಿನ ಜಾಗ ಸ್ವಲ್ಪ ಅತ್ತಿತ್ತ ಆಗ್ಬಹುದು, ಆದ್ರೆ ಇದೊಂದು ಭಾಗಾಕಾರ ಎರಡರಲ್ಲೂ 1 ಬರ್ಲೇಬೇಕು:

(ಈಗ ಮಣ್ಣಲ್ಲಿರೋ ಒಟ್ಟು ನೀರು − ಶುರುವಲ್ಲಿ ಇದ್ದ ನೀರು) / (ಮೇಲಿಂದ ಬಂದಿದ್ದು − ಕೆಳಗೆ ಹೋಗಿದ್ದು)

ಶುರುವಿನ ನೀರು ಸುಮಾರು 11 ಸೆಂ.ಮೀ. ಇರತ್ತೆ, 0.110 ಗುಣಿಸು 100. ಸುತ್ತಿನ ಮಿತಿ ಬಿಗಿಯಾಗಿದ್ರೆ ಭಾಗಲಬ್ಧ 1.0000 ಅಂತ ಬರತ್ತೆ, 0.97 ಬಂದ್ರೆ ಎಲ್ಲೋ ಥೀಟಾ ಬದಲು ಸಿ ಗುಣಿಸು ಎಚ್ ನುಸುಳಿದೆ, ಹುಡುಕಿ. ಬೌಂಡರಿ ಹರಿವನ್ನ ಲೆಕ್ಕಕ್ಕೆ ಬೇರೆ ಸೂತ್ರದಿಂದ ತೆಗೆದಿರೋದು ಇನ್ನೊಂದು ಮಾಮೂಲಿ ಕಾರಣ, ಮ್ಯಾಟ್ರಿಕ್ಸಲ್ಲಿ ಬಳಸಿದ ಅದೇ ಹರಿವನ್ನೇ ಕೂಡಿಸ್ಬೇಕು. ಇದು 1 ಬಂತು ಅಂದ ಮಾತ್ರಕ್ಕೆ ಉತ್ತರ ಸರಿ ಅಂತಲ್ಲ ಮತ್ತೆ, ಹಾರ್ಮೋನಿಕ್ ಸರಾಸರಿ ಹಾಕಿ ನೀರನ್ನ ಮೇಲೇ ನಿಲ್ಲಿಸಿದ ಕೋಡಲ್ಲೂ 1 ಬರತ್ತೆ. ಅದಕ್ಕೇ ಗ್ರಿಡ್ಡನ್ನೂ ಅರ್ಧ ಮಾಡಿ, ಮತ್ತೆ ಅರ್ಧ ಮಾಡಿ, ಅಂಚು ನಿಂತ ಜಾಗ ಬದಲಾಗೋದು ನಿಲ್ಲೋವರೆಗೂ ನೋಡಿ.

ಉತ್ತರ ಕರ್ನಾಟಕದವರಿಗೆ: ಎರೆಮಣ್ಣಿಗೆ ಇದು ನಡಿಯತ್ತಾ?

ಧಾರವಾಡ, ಗದಗ, ವಿಜಯಪುರ ಕಡೆಯಿಂದ ಕೇಳೋರಿಗೆ. ಟೇಬಲ್ಲಿನ "ಜೇಡಿ" ನಂಬರುಗಳು ಅಮೆರಿಕದ ಮಣ್ಣಿನ ಸರಾಸರಿ, ಅದರಲ್ಲಿ ಬಿರುಕು ಅನ್ನೋ ವಿಚಾರವೇ ಇಲ್ಲ. ಎರೆಭೂಮಿ ಬೇಸಿಗೆಯಲ್ಲಿ ಕೈ ತೂರುವಷ್ಟು ಬಾಯಿ ಬಿಟ್ಟಿರತ್ತೆ, ಮೊದಲ ಮಳೆ ನೀರು ಆ ಬಿರುಕಲ್ಲಿ ನೇರ ಕೆಳಗೆ ಇಳಿಯತ್ತೆ, ಮೇಲಿನ ಮಣ್ಣು ಇನ್ನೂ ಒಣಗೇ ಇರತ್ತೆ. ಮೇಲೆ ಬರೆದ ಕೋಡ್ ಅದನ್ನ ಯಾವತ್ತೂ ತೋರ್ಸಲ್ಲ, ಅದು ಮೇಲಿಂದ ಒಂದೊಂದೇ ಸೆಲ್ ತುಂಬಿಸ್ಕೊಂಡು ಹೋಗತ್ತೆ. ಇದಕ್ಕೆ ಎರಡು ಮಣ್ಣು ಒಂದೇ ಜಾಗದಲ್ಲಿ ಇದಾವೆ ಅಂತ ಇಟ್ಕೊಂಡು, ಬಿರುಕಿಗೊಂದು ರಿಚರ್ಡ್ಸ್ ಹೆಂಟೆಗೊಂದು ರಿಚರ್ಡ್ಸ್ ಬರೆದು, ನಡುವೆ ನೀರು ವಿನಿಮಯ ಮಾಡಿಸೋ ಡ್ಯುಯಲ್ ಪರ್ಮಿಯಬಿಲಿಟಿ ಮಾದರಿ ಇದೆ, 1993ರಲ್ಲಿ ಗೆರ್ಕೆ ಮತ್ತು ವಾನ್ ಗೆನುಕ್ಟೆನ್ ಕೊಟ್ಟಿದ್ದು. ಪ್ಯಾರಾಮೀಟರ್ ಡಬಲ್ ಆಗತ್ತೆ, ಅಳೆಯೋದು ಇನ್ನೂ ಕಷ್ಟ, ಅದೂ ಮಣ್ಣು ಉಬ್ಬಿದಂಗೆ ಬಿರುಕು ಸಣ್ಣ ಆಗೋದನ್ನ ತಾನಾಗೇ ಹಿಡಿಯಲ್ಲ. ಎಂ.ಟೆಕ್ ಪ್ರಾಜೆಕ್ಟಿಗೆ ನನ್ನ ಸಲಹೆ, ಮಳೆ ಹಿಡಿದು ಬಿರುಕು ಮುಚ್ಕೊಂಡ ಮೇಲಿನ ದಿನಗಳಿಂದ ಲೆಕ್ಕ ಶುರು ಮಾಡಿ, ಕೆಎಸ್ ಅನ್ನ ಟೇಬಲ್ಲಿಂದ ತಗೋಬೇಡಿ, ಹೊಲದಲ್ಲೇ ಡಬಲ್ ರಿಂಗ್ (ಒಂದರೊಳಗೊಂದು ಎರಡು ಬಳೆ, ನೀರು ತುಂಬಿ ಇಂಗೋ ವೇಗ ನೋಡೋಕೆ) ಇಟ್ಟು ಅಳೀರಿ, ಮತ್ತೆ ಅಳೆದ ದಿನ ಬಿರುಕು ಇತ್ತೋ ಇಲ್ವೋ ಅಂತ ಫೋಟೋ ತೆಗೆದಿಡಿ, ಆರು ತಿಂಗಳು ಬಿಟ್ಟು ನಿಮಗೇ ನೆನಪಿರಲ್ಲ.